ಝೆನೆಕ್‌ನ ನಾಲ್ಕು ಎಣಿಕೆ

ಡೆಲ್ಬರ್ಟನ ರೆಕಾರ್ಡ್ ಅಂಗಡಿಯ ಸ್ಪೀಕರುಗಳು ನನ್ನ ಎದೆಮಟ್ಟಕ್ಕೆ ಬರುತ್ತವೆ. ಶನಿವಾರ ಮಧ್ಯಾಹ್ನ ಅವನು ಅಂಗಡಿಯ ಬಾಗಿಲು ಹಾಕಿ, ಅವುಗಳ ಮುಂದೆ ಕುರ್ಚಿ ಎಳೆದು ನನ್ನನ್ನು ಕೂರಿಸಿದ.

"ಮಿಸ್ ಹಲಿನಾ, ಕಿವಿ ಹೋದ್ರೆ ನನ್ನ ಬೈಬೇಡಿ."

"ಅರ್ಧ ಕಿವಿ ಆ ಗ್ಯಾರೇಜಲ್ಲೇ ಹೋಗಿದೆ. ಸುಮ್ನೆ ಹಾಕಪ್ಪ."

ಅವನು ಹಾಕಲಿದ್ದದ್ದು ನನ್ನ ಅಣ್ಣ ಝೆನೆಕ್‌ನ ತಂಡದ ಒಂದೇ ಒಂದು ಆಲ್ಬಮ್. 1970ರಲ್ಲಿ, ಕಾರು ಕಾರ್ಖಾನೆಗಳ ಊರಾದ ಹ್ಯಾಮ್‌ಟ್ರಾಮಿಕ್‌ನ ನಮ್ಮ ಮನೆಯ ಹಿಂದಿನ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದ್ದು. ಮುನ್ನೂರು ಪ್ರತಿ ಒತ್ತಿಸಿದ್ದೆವು, ನೂರು ಕೂಡ ಖರ್ಚಾಗಲಿಲ್ಲ. ಈಗ ಐವತ್ತು ವರ್ಷ ಕಳೆದ ಮೇಲೆ ಎಲ್ಲೆಲ್ಲಿಂದಲೋ ಜನ ಅದನ್ನು ಹುಡುಕಿಕೊಂಡು ಬರುತ್ತಾರಂತೆ. ಡೆಲ್ಬರ್ಟ್ ಅದನ್ನು ಮತ್ತೆ ಹೊರತರುತ್ತೇನೆ ಎಂದು ದುಂಬಾಲು ಬಿದ್ದ. ಮೂಲ ಟೇಪು ನನ್ನ ಬೀರುವಿನಲ್ಲಿ ಶೂ ಡಬ್ಬಿಯೊಳಗಿತ್ತು, ಕೊಟ್ಟೆ.

ನಿಜ ಹೇಳಬೇಕೆಂದರೆ ಆಲ್ಬಮ್ ಹೊರಬಂದರೆಷ್ಟು, ಬಿಟ್ಟರೆಷ್ಟು. ನನಗೆ ಬೇಕಿದ್ದದ್ದು ಝೆನೆಕ್‌ನ ದನಿ. ಅದು ಆ ಟೇಪಿನಲ್ಲಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಏಕೆಂದರೆ ತೆಗೆದವಳು ನಾನೇ.

ಝೆನೆಕ್ ಹಾಡುತ್ತಿರಲಿಲ್ಲ, ಗಿಟಾರ್ ಬಾರಿಸುತ್ತಿದ್ದ. ಹಗಲೆಲ್ಲ ಕಾರ್ಖಾನೆಯಲ್ಲಿ ತಗಡು ಗುದ್ದಿ ಕಾರಿನ ಬಾಗಿಲು ಮಾಡುವ ಯಂತ್ರದ ಮುಂದೆ ನಿಂತು ಬಂದು, ಸಂಜೆ ಅದೇ ಏಟನ್ನು ಗಿಟಾರಿನಲ್ಲಿ ಹುಡುಕುತ್ತಿದ್ದ. ನಾಲ್ಕೈದು ಸ್ವರ, ಅವನ್ನೇ ತಿರುಗಿಸಿ ಮುರುಗಿಸಿ, ಗೋಡೆಗೆ ನೇತುಹಾಕಿದ ಸಲಿಕೆ ಅಲ್ಲಾಡುವಷ್ಟು ಜೋರಾಗಿ. ಅವನ ಬಾಯಿಂದ ಬರುತ್ತಿದ್ದದ್ದು ಪ್ರತಿ ಹಾಡಿಗೆ ಮುಂಚೆ ನಾಲ್ಕು ಎಣಿಕೆ ಮಾತ್ರ. ಅದೂ ಪೋಲಿಷ್ ಭಾಷೆಯಲ್ಲಿ: "ರಾಸ್, ದ್ವಾ, ತ್ಶಿ, ಚ್ತೆರಿ." ಅಜ್ಜಿ ಕಲಿಸಿದ ಎಣಿಕೆ. ಇಂಗ್ಲಿಷಿನಲ್ಲಿ ಎಣಿಸಿದರೆ ಕೈ ತಪ್ಪುತ್ತದೆ ಅನ್ನುತ್ತಿದ್ದ.

ಆಗ ನನಗೆ ಹದಿನೈದು. ಟೇಪ್ ಯಂತ್ರಕ್ಕೆ ನಾನೇ ಯಜಮಾನಿ. ಗುಂಡಿ ಒತ್ತಿ, ರೀಲು ಸರಿಯಾಗಿ ತಿರುಗುತ್ತಿದೆಯೇ ನೋಡಿ, ಬಲಗೈ ಎತ್ತಬೇಕು. ಆಮೇಲೆಯೇ ಎಣಿಕೆ. ಅದು ಗ್ಯಾರೇಜಿನ ಕಾನೂನು. ನಾನು ಬೇಕೆಂದೇ ತಡ ಮಾಡುತ್ತಿದ್ದೆ. ಹಲಿನಾ ಎಂಬ ನನ್ನ ಹೆಸರನ್ನು ಹಾಲ್ಕಾ ಎಂದು ಮೊಟಕಿಸಿ ಝೆನೆಕ್ ಕೂಗುತ್ತಿದ್ದ:

"ಏ ಹಾಲ್ಕಾ, ಮಹಾರಾಣಿ, ಕೈ ಎತ್ತೇ! ಬೆರಳು ಮರಗಟ್ಟೋಯ್ತು!"

"ಬಾಯ್ಮುಚ್ಕೊಂಡು ನಿಂತ್ಕೋ. ರೀಲು ಓಡ್ಬೇಕು."

ಎಂಟು ಹಾಡು ಮುಗಿದವು. ಟೇಪು ಒಂದಿಡೀ ತಿಂಗಳು ನೆಲಮಾಳಿಗೆಯಲ್ಲಿ, ಮನೆ ಬೆಚ್ಚಗಿಡುವ ಬೆಂಕಿಯ ಬಾಯ್ಲರ್ ಪಕ್ಕದ ಹಲಗೆಯ ಮೇಲೆ ಬಿದ್ದಿತ್ತು. ಒತ್ತಿಸಲು ಕಳಿಸುವ ಮುಂಚೆ ನಾನು ಬ್ಲೇಡು ಹಿಡಿದು ಕೂತೆ. ಪೋಲಿಷ್ ವಲಸಿಗರೇ ತುಂಬಿದ್ದ ನಮ್ಮ ಬೀದಿಯ ಮಕ್ಕಳಿಗೆಲ್ಲ ಒಂದೇ ಭಯ: ಪೋಲಿಷ್ ಮಾತು ಕಿವಿಗೆ ಬಿದ್ದರೆ ಸಾಕು, ಜನ ನಮ್ಮನ್ನು ಮದುವೆಮನೆಯ ಪೋಲ್ಕಾ ಕುಣಿತದ ವಾದ್ಯದವರು ಅಂದುಕೊಳ್ಳುತ್ತಾರೆ. ನಮ್ಮಪ್ಪ ಅಕಾರ್ಡಿಯನ್ ಹೊತ್ತು ವಾರವಾರವೂ ಅದನ್ನೇ ಮಾಡುತ್ತಿದ್ದರು. ರೇಡಿಯೋದವರು ನಗಬಾರದು ಎಂದು ಎಂಟೂ ಎಣಿಕೆಗಳನ್ನು ಕತ್ತರಿಸಿ, ತುಂಡುಗಳನ್ನು ಬಾಯ್ಲರ್‌ಗೆ ಹಾಕಿದೆ. ಎಂಥ ಜಂಬ ನನಗೆ!

ಝೆನೆಕ್ ಕೇಳಿ ನಕ್ಕ. "ಭೇಷ್ ಕಣೇ. ಎಲ್ರನ್ನೂ ಇಟ್ಕೊಂಡು ನನ್ನೊಬ್ಬನ್ನೇ ಒಲೆಗೆ ಹಾಕಿದ್ಯಲ್ಲ."

ಮರುವರ್ಷ ಅವನಿಗೆ ಯುದ್ಧಕ್ಕೆ ಬಾ ಎಂಬ ಕಾಗದ ಬಂತು. ಅವನು ಹೋಗಲಿಲ್ಲ. ನದಿ ದಾಟಿ ಕೆನಡಾ ಸೇರಿಕೊಂಡ. ಅಪ್ಪ ಅವನ ಹೆಸರನ್ನು ಮನೆಯಲ್ಲಿ ಎತ್ತಗೊಡಲಿಲ್ಲ. ಫೋನು ಬಂದರೆ ಅವರೇ ಎತ್ತಿ, ದನಿ ಗುರುತಿಸಿ, ಇಟ್ಟುಬಿಡುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ, ಒಮ್ಮೆಯೂ ಕಸಿದುಕೊಳ್ಳಲಿಲ್ಲ. ಎಪ್ಪತ್ತಮೂರರಲ್ಲಿ ಅಲ್ಲೆಲ್ಲೋ ಮರದ ದಿಮ್ಮಿಯ ಲಾರಿ ಮಗುಚಿ ಸತ್ತ.

ಅವನ ಮುಖಕ್ಕೆ ಫೋಟೋ ಇದೆ. ಗಿಟಾರಿಗೆ ಆಲ್ಬಮ್ ಇದೆ. ದನಿ ಮಾತ್ರ ನನ್ನ ತಲೆಯಿಂದಲೂ ಅಳಿಸಿಹೋಯಿತು. ಅವನು ಬೈದದ್ದು ಒಂದೊಂದೂ ನೆನಪಿದೆ, ಆದರೆ ನೆನಪಿನಲ್ಲಿ ಅದನ್ನು ನನ್ನ ದನಿಯಲ್ಲೇ ಕೇಳುತ್ತೇನೆ. ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಡೆಲ್ಬರ್ಟ್ ಟೇಪು ಹಾಕಿದ. ನನ್ನ ಗೀರುಬಿದ್ದ ರೆಕಾರ್ಡಿನಲ್ಲಿ ಸಾವಿರ ಸಲ ಕೇಳಿದ್ದೇ ಆದರೂ ಈ ಸ್ಪೀಕರುಗಳಲ್ಲಿ ಅದು ಬೇರೆಯೇ. ಡ್ರಮ್ಮಿನ ಏಟು ಹೊಟ್ಟೆಗೆ ಬಡಿಯಿತು. ಝೆನೆಕ್‌ನ ಗಿಟಾರ್ ನೆಲದಿಂದ ಎದ್ದು ಕುರ್ಚಿಯ ಕಾಲು ಹಿಡಿದು ಅಲ್ಲಾಡಿಸಿತು. ಅರವತ್ತೈದರ ಹೆಂಗಸು ನಾನು, ಪಾದ ಕುಟ್ಟುತ್ತ ಕೂತೆ.

ಐದನೇ ಹಾಡಿನ ಶುರುವಿನಲ್ಲಿ ಗಿಟಾರ್ ಒಂದು ಸಲ ಗುದ್ದಿ, ಎಲ್ಲವೂ ಥಟ್ಟನೆ ನಿಲ್ಲುತ್ತದೆ. ಎರಡು ಸೆಕೆಂಡು ಮೌನ. ಆಮೇಲೆ ಮತ್ತೆ ಮೇಲೆ ಬೀಳುತ್ತದೆ. ಡೆಲ್ಬರ್ಟ್ ಅಲ್ಲೇ ಟೇಪು ನಿಲ್ಲಿಸಿದ.

"ಈ ಖಾಲಿ ಜಾಗದಲ್ಲಿ ಏನೋ ಗುಸುಗುಸು ಇದೆ. ಟೇಪು ಸುತ್ತಿಟ್ಟಂಗೇ ಬಹಳ ದಿನ ಬಿಸೀಲಿ ಇತ್ತು ಅನ್ಸುತ್ತೆ. ಹಂಗಿದ್ರೆ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಹತ್ಕೊಳ್ಳುತ್ತೆ. ಸಾಸೇಜ್ ಪಕ್ಕ ಇಟ್ಟ ಬೆಣ್ಣೆಗೆ ಬೆಳ್ಳುಳ್ಳಿ ವಾಸನೆ ಹತ್ಕೊಳ್ಳಲ್ವಾ, ಹಂಗೆ. ಯೋಚ್ನೆ ಮಾಡ್ಬೇಡಿ, ಒರೆಸಿ ಹಾಕ್ತೀನಿ."

ನಾನು ಕುರ್ಚಿ ಮುಂದಕ್ಕೆ ಎಳೆದೆ. "ಪಕ್ಕದ ಸುತ್ತು ಅಂದ್ರೆ ಎಷ್ಟು ಹಿಂದಿಂದು?"

"ಮೂರು ಸೆಕೆಂಡು ಹಿಂದಿಂದು ಅಂತಿಟ್ಕೊಳ್ಳಿ. ಆದ್ರೆ ಅಲ್ಲಿ ಏನೂ ಇಲ್ವಲ್ಲ, ಹಾಡು ಅಲ್ಲಿಂದಾನೇ ಶುರು."

ಮೂರು ಸೆಕೆಂಡು ಹಿಂದೆ ಏನಿತ್ತು ಎಂದು ನನಗೆ ಗೊತ್ತಿತ್ತು. ನಾನು ಸುಟ್ಟದ್ದು ಎಣಿಕೆಯಿದ್ದ ತುಂಡನ್ನು. ಬಾಯ್ಲರ್ ಪಕ್ಕ ಕಳೆದ ಆ ಒಂದು ತಿಂಗಳಲ್ಲಿ ಅದು ಪಕ್ಕದ ಸುತ್ತಿಗೆ ಹತ್ತಿಕೊಂಡದ್ದನ್ನು ನಾನು ಮುಟ್ಟಿಯೇ ಇರಲಿಲ್ಲ.

"ಡೆಲ್ಬರ್ಟ್, ಅದನ್ನ ಒರೆಸಿದ್ರೆ ನಿನ್ನ ಬೆರಳು ಮುರೀತೀನಿ. ದನಿ ಪೂರ್ತಿ ಏರಿಸು. ಇನ್ನೊಂದ್ಸಲ ಹಾಕು."

ಅವನು ಬೆರಗಾಗಿ ಏರಿಸಿದ. ಗಿಟಾರ್ ಗುದ್ದಿತು, ನಿಂತಿತು. ಮೌನದ ತಳದಲ್ಲಿ, ಗೋಡೆಯಾಚೆಯಿಂದ ಬಂದಂತೆ, ಒಬ್ಬ ಹುಡುಗ ಎಣಿಸಿದ. "...ತ್ಶಿ, ಚ್ತೆರಿ."

ಮೂಗಿನಲ್ಲಿ ಮಾತಾಡುತ್ತಿದ್ದ ಅವನು! ಅದನ್ನೇ ಮರೆತಿದ್ದೆ. ಅಳು ತಡೆಯಲು ನಾನು ಪ್ರಯತ್ನ ಕೂಡ ಮಾಡಲಿಲ್ಲ.

ಡೆಲ್ಬರ್ಟ್ ಕರವಸ್ತ್ರ ಕೊಟ್ಟು, ಟೇಪನ್ನು ಹಿಂದಕ್ಕೆ ಸುತ್ತಿದ. ಗುಂಡಿಯ ಮೇಲೆ ಬೆರಳಿಟ್ಟವನು ನನ್ನತ್ತ ನೋಡಿ ತಡೆದ. ನನ್ನ ಬಲಗೈ ಮೇಲಕ್ಕೆ ಹೋಗಿತ್ತು.

"ಯಾಕೆ, ಬೇಡ್ವಾ? ನಿಲ್ಲಿಸ್ಬೇಕಾ?"

"ಇಲ್ಲಪ್ಪ, ಹಾಕು," ಅಂದೆ. "ನಾನು ಕೈ ಎತ್ತದೆ ಅವನು ಎಣಿಸಲ್ಲ."