ಏಳನೆಯ ಯಂತ್ರದ ಕಾರ್ಡು

ನಮ್ಮ ಊರಿನ ಚಿತಾಲಿಷ್ಟೆ ಎಂಬ ಸಮುದಾಯ ಭವನದ ಓದುಕೋಣೆಯಲ್ಲಿ ಹನ್ನೆರಡು ಕಂಪ್ಯೂಟರುಗಳಿವೆ. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ವಸಂತದಲ್ಲಿ ಪುರಸಭೆ ಪಡೆದ ಸಗಟು ಪರವಾನಗಿಯಡಿ ಹನ್ನೆರಡಕ್ಕೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಸೆಪ್ಟೆಂಬರಿನಲ್ಲಿ ಪತ್ರ ಬಂತು: ಪರವಾನಗಿಗಳನ್ನು ನೋಡಲು ಗುರುವಾರ ಪರಿಶೀಲಕರು ಬರುತ್ತಾರೆ.

ಜೊತೆಗಿದ್ದ ನಿಯಮಗಳನ್ನು ಆಗಲೇ ಮೊದಲ ಸಲ ಪೂರ್ತಿ ಓದಿದ್ದು. ಸಗಟು ಪರವಾನಗಿ ಹಳೆಯದನ್ನು ಹೊಸದಾಗಿಸುವ ಹಕ್ಕನ್ನು ಮಾತ್ರ ಕೊಡುತ್ತದೆ. ಮಹಡಿ ಕಟ್ಟಲು ಒಪ್ಪಿಗೆ ಸಿಕ್ಕಂತೆ; ಕೆಳಗಿನ ಮನೆ ಮೊದಲೇ ನಮ್ಮದಾಗಿರಬೇಕು. ಪ್ರತಿ ಯಂತ್ರಕ್ಕೂ ಕೊಳ್ಳುವಾಗಲೇ ಬಂದ ಮೂಲ ಪರವಾನಗಿ ಇರಬೇಕು, ಅದರ ಸ್ಟಿಕರ್ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿರಬೇಕು. ಬಗ್ಗಿ ನೋಡಿದೆ. ಹನ್ನೆರಡೂ ನುಣ್ಣಗಿದ್ದವು. ಅಂಟಿನ ಕಲೆಯೂ ಇರಲಿಲ್ಲ.

ಪುರಸಭೆಗೆ ಫೋನ್ ಮಾಡಿದೆ. ಯಂತ್ರಗಳು ನಿಂತರೆ ಕೋಣೆಗೂ ಬೀಗ ಹಾಕುತ್ತೇವೆ ಎಂದರು. ಚಳಿಗಾಲವಿಡೀ ಅಲ್ಲಿ ಮಾತಿಲ್ಲದೆ ಕೂರುವವರು ಏಳೆಂಟು ಜನರಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಯಂತ್ರಗಳು ಬಂದಾಗ ಇಲ್ಲಿದ್ದವಳು ನೆವೆನಾ, ಮೂವತ್ತೆಂಟು ವರ್ಷ ಪುಸ್ತಕಗಳ ಕಾರ್ಡು ಬರೆದು ನಿವೃತ್ತಳಾದವಳು. ಊರಿಗೆಲ್ಲ ಲೆಲ್ಯಾ, ಅಂದರೆ ಅತ್ತೆ. ನಾನು ಅವಳ ಮನೆಗೆ ಹೋದಾಗ ಅಂಗಳದಲ್ಲಿ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದಳು. ಸುಲಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಅವನ್ನ ಕಿತ್ತಿದ್ದು ನಾನೇ ಕಣೋ."

ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು.

"ಜನರ ಮೊಣಕಾಲು ತಗಲಿ ಅಕ್ಷರ ಅಳಿಸಿ ಹೋಗ್ತಿತ್ತು. ಹಬೆ ಹಿಡಿದು ಬಿಡಿಸ್ದೆ, ಒಂದು ಮೂಲೆನೂ ಹರೀಲಿಲ್ಲ. ಪುಸ್ತಕ ಬಂದ್ರೆ ಕಾರ್ಡು ಮಾಡ್ತೀವಲ್ಲ, ಯಂತ್ರ ಬಂತು, ಕಾರ್ಡು ಮಾಡ್ದೆ."

"ಲೆಲ್ಯಾ, ಅದು ಪೆಟ್ಟಿಗೆ ಮೇಲೇ ಇರ್ಬೇಕಿತ್ತು."

"ಹನ್ನೊಂದು ವರ್ಷ ಆ ಕಾರ್ಡಿನ ಡ್ರಾಯರ್ ಪಕ್ಕಾನೇ ಕೂತಿದ್ದೀಯ. ಕಾಫಿ ಲೋಟ ಇಡೋಕೆ ಬೇಕಾಯ್ತು, ಎಳೆದು ನೋಡೋಕೆ ಬೇಡವಾಯ್ತು."

ಹಿಂತಿರುಗಿ ಡ್ರಾಯರ್ ಎಳೆದೆ. ಹಿತ್ತಾಳೆ ಸರಳಿಗೆ ಪೋಣಿಸಿದ ಹನ್ನೆರಡು ಕಾರ್ಡುಗಳು. ಒಂದೊಂದಾಗಿ ಮಗುಚಿದೆ: ಹೊಳೆಯುವ ಸ್ಟಿಕರ್, ಅದರ ಕೆಳಗೆ ನೇರಳೆ ಶಾಯಿಯಲ್ಲಿ ಪೆಟ್ಟಿಗೆಯ ಸಂಖ್ಯೆ, ಬಂದ ದಿನ, ತಂದ ಅಂಗಡಿ. "ಬೇಸಿಗೆಯಲ್ಲಿ ನಿಧಾನ," ಎಂದು ನಾಲ್ಕನೆಯದರಲ್ಲಿ ಬರೆದಿತ್ತು. ನಾನು ದಿನವೂ ಬಯ್ಯುತ್ತಿದ್ದ ಯಂತ್ರ ಅದು. ತೀರಾ ಸಣ್ಣದಾದರೂ ಒಂದೂ ತಪ್ಪಿಲ್ಲದ ಆ ಅಕ್ಷರಗಳ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಯಾರೂ ಕೇಳದೆ, ಯಾರಿಗೂ ಹೇಳದೆ ಮಾಡಿಟ್ಟ ಕೆಲಸ.

ಏಳನೆಯ ಕಾರ್ಡಿನಲ್ಲಿ ಸ್ಟಿಕರ್ ಇರಲಿಲ್ಲ. "ಬರುವಾಗಲೇ ಇರಲಿಲ್ಲ. ಅಂಗಡಿಗೆ ಎರಡು ಸಲ ಬರೆದೆ. ಉತ್ತರವಿಲ್ಲ," ಎಂದಷ್ಟೇ ಇತ್ತು.

ಆ ಯಂತ್ರವನ್ನು ಉಗ್ರಾಣಕ್ಕೆ ಸಾಗಿಸಿ, ಸರಳು ಎಳೆದು ಈ ಕಾರ್ಡು ತೆಗೆದರೆ ಉಳಿದ ಹನ್ನೊಂದೂ ಸರಿಯಾಗುತ್ತಿದ್ದವು. ಸರಳಿನ ತಿರುಪಿಗೆ ಬೆರಳಿಟ್ಟೆ. ತಿರುಗಿಸಲು ಮನಸ್ಸು ಬರಲಿಲ್ಲ.

ಗುರುವಾರ ಬಂದ ಪರಿಶೀಲಕ ತಾನೇವ್ ಕಡಿಮೆ ಮಾತಿನವರು. ಪೆಟ್ಟಿಗೆಗಳನ್ನು ನೋಡಿದರು, ಡ್ರಾಯರನ್ನು ನೋಡಿದರು.

"ಕಿತ್ತ ಸ್ಟಿಕರ್ ನಾನು ಒಪ್ಪೋ ಹಾಗಿಲ್ಲ. ಯಾವ ಯಂತ್ರದ್ದು ಅಂತ ಯಾರು ಹೇಳ್ಬೇಕು?"

ಅವರು ನಿಂತಲ್ಲೇ ಕಾರ್ಡುಗಳನ್ನು ಮಗುಚಿದರು, ಮೊದಲು ಬೇಗ, ಆಮೇಲೆ ನಿಧಾನವಾಗಿ. ಏಳನೆಯದಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಬಳಿಕ ಮಂಡಿಯೂರಿ ಹನ್ನೆರಡು ಪೆಟ್ಟಿಗೆಗಳ ಸಂಖ್ಯೆಯನ್ನೂ ಒಂದೊಂದಾಗಿ ತಾಳೆ ನೋಡಿದರು.

"ಇದನ್ನ ಬರೆದವರು ಇದ್ದಾರಾ?"

"ಇದ್ದಾರೆ. ಮೆಣಸಿನಕಾಯಿ ಸುಡ್ತಿದ್ದಾರೆ."

"ಇಲ್ಲದ್ದನ್ನೂ ಇಲ್ಲ ಅಂತ ಬರೆದಿಟ್ಟಿದ್ದಾರಲ್ಲ," ಎಂದರು, ತಮಗೇ ಹೇಳಿಕೊಳ್ಳುವಂತೆ. "ಹನ್ನೊಂದು ಇರ್ಲಿ. ಇದೊಂದನ್ನ ನಿಲ್ಸಿ."

ಅವರು ಹೋದ ಮೇಲೆ ಏಳನೆಯ ಯಂತ್ರವನ್ನು ಆಫ್ ಮಾಡಿದೆ. ಆಮೇಲೆ ತಿರುಪು ಬಿಚ್ಚಿ, ಸರಳು ಎಳೆದು, ಲೆಲ್ಯಾಳ ಅಕ್ಷರದ ಕೆಳಗೆ ಅಂದಿನ ದಿನಾಂಕ ಹಾಕಿ "ನಿಲ್ಲಿಸಲಾಯಿತು" ಎಂದು ಬರೆದೆ. ನನ್ನ ಅಕ್ಷರ ಸೊಟ್ಟಗಾಯಿತು. ಶಾಯಿ ಆರುವವರೆಗೆ ಕಾದು, ಕಾರ್ಡನ್ನು ಮತ್ತೆ ಆರು ಮತ್ತು ಎಂಟರ ನಡುವೆ ಪೋಣಿಸಿದೆ.