ಬಾವುಟದಮ್ಮನ ಕೊನೆಯ ನಡಿಗೆ

ವ್ಯಾನಿನವನ ಕೈ ಪಕ್ಕಕ್ಕೆ ತಳ್ಳಿ ಡ್ರೈವರಣ್ಣ ತಾನೇ ಹಾರ್ನ್ ಅದುಮಿದ. ಬೀದಿಯ ಎರಡೂ ಕಡೆಯ ಕಿಟಕಿಗಳು ತೆರೆದುಕೊಳ್ಳುವವರೆಗೂ ಬಿಡಲಿಲ್ಲ. ಜೀವಮಾನವೆಲ್ಲ ಊರಿನ ಬಸ್ಸು ಓಡಿಸಿದವನಿಗೆ ಹಾರ್ನ್ ಹೊಡೆಯುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಎದುರಿಗಿದ್ದ ಕಬ್ಬಿಣದ ಬ್ಯಾರಿಕೇಡ್ ಜಗ್ಗಲಿಲ್ಲ, ಅದರ ಹಿಂದೆ ನಿಂತಿದ್ದ ಪೊಲೀಸಿನವನೂ ಜಗ್ಗಲಿಲ್ಲ.

"ಅಪ್ಪಾ, ಸಾಕು ಬಿಡು. ಹಿಂದೆ ಅಮ್ಮ ಇದಾಳೆ," ಎಂದಳು ಮಗಳು.

"ಇದ್ದರೆ? ನಿದ್ದೆ ಕೆಡುತ್ತಾ ಅವಳಿಗೆ?" ಎಂದು ಸಿಡುಕಿದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಪೊಲೀಸಿನವನು ಕಿಟಕಿಯ ಹತ್ತಿರ ಬಂದ. "ರಸ್ತೆ ಬಂದ್ ಸಾರ್. ಮಧ್ಯಾಹ್ನದವರೆಗೂ ಯಾವ ಗಾಡೀನೂ ಬಿಡೋ ಹಾಗಿಲ್ಲ."

"ಸ್ಮಶಾನ ಇರೋದು ಸೇತುವೆ ಆಚೆ ಕಣಯ್ಯಾ. ಸೇತುವೆ ಇರೋದು ಒಂದೇ. ಹಾರಿಕೊಂಡು ಹೋಗ್ಲಾ? ಯಾವನು ಬಂದ್ ಮಾಡಿಸಿದ್ದು?"

ಪೊಲೀಸಿನವನು ಕತ್ತು ಕೆರೆದುಕೊಂಡ. ವ್ಯಾನಿನ ಹಿಂಭಾಗವನ್ನೊಮ್ಮೆ ನೋಡಿ ದನಿ ತಗ್ಗಿಸಿದ. "ಅಮ್ಮಾವ್ರೇ ಸಾರ್. ಬಾವುಟದಮ್ಮಾವ್ರು. ಇವತ್ತು ಲೈಬ್ರರಿ ಲಿಫ್ಟಿನ ನಡಿಗೆ ಅಲ್ವಾ? ಸ್ಟೇಷನ್ನಿಗೆ ಅಲೆದೂ ಅಲೆದೂ ನಮ್ಮ ಸಾಹೇಬರ ತಲೆ ತಿಂದು ಅನುಮತಿ ತಗೊಂಡಿದ್ರು. ಆಂಬುಲೆನ್ಸ್ ಬಿಟ್ಟು ಬೇರೆ ಗಾಡಿ ಬಿಟ್ಟೀಯಾ ಜೋಕೆ ಅಂತ ನನಗೇ ಹೇಳಿ ಹೋಗಿದ್ರು."

"ಇದೂ ಒಂಥರಾ ಆಂಬುಲೆನ್ಸೇ," ಎಂದ ವ್ಯಾನಿನವನು.

"ಆಂಬುಲೆನ್ಸು ಅಂದ್ರೆ ಬದುಕಿರೋರಿಗೆ," ಎಂದ ಪೊಲೀಸಿನವನು, ಬಲು ಮರ್ಯಾದೆಯಿಂದ.

ಡ್ರೈವರಣ್ಣ ಹಣೆ ಚಚ್ಚಿಕೊಂಡ. ಅವನು ಕೇಳಿಕೊಂಡಿದ್ದಾದರೂ ಏನು? ಇವತ್ತೊಂದು ದಿನ ಹೆಂಡತಿ ತನ್ನವಳಾಗಿರಲಿ ಎಂದು ತಾನೇ? ಇಷ್ಟು ವರ್ಷ ಊರಿಗೆ ಬಿಟ್ಟುಕೊಟ್ಟಿದ್ದಾಯಿತು. ಇವತ್ತು ಮನೆಯವರು ಮಾತ್ರ, ಮೈಕಿಲ್ಲದೆ, ಗದ್ದಲವಿಲ್ಲದೆ, ಅವಳನ್ನು ಕಳಿಸಿಕೊಡಬೇಕೆಂದು ಮಗಳಿಗೆ ಕಡ್ಡಿ ಮುರಿದಂತೆ ಹೇಳಿದ್ದ. ಈಗ ನೋಡಿದರೆ ಬೀದಿಯ ಆ ತುದಿಯಿಂದ ಎದೆಯ ಮೇಲೆ ನಂಬರು ಚೀಟಿ ಅಂಟಿಸಿಕೊಂಡ ದೊಡ್ಡ ಹಿಂಡೇ ಬರುತ್ತಿತ್ತು. ಎಲ್ಲರ ಮುಂದೆ ಔಷಧಿ ಅಂಗಡಿಯವನು, ಕೈಯಲ್ಲಿ ಅದೇ ಹಾಳು ಧ್ವನಿವರ್ಧಕ.

*

ಆ ಧ್ವನಿವರ್ಧಕ ವರ್ಷಗಟ್ಟಲೆ ಅವರ ಮನೆಯ ಫ್ರಿಜ್ಜಿನ ಮೇಲೆ ವಾಸವಾಗಿತ್ತು. ಮಂಚದ ಕೆಳಗೆ ದಾರಿ ತೋರಿಸುವ ಪ್ಲಾಸ್ಟಿಕ್ ಶಂಕುಗಳು. ಬೀರು ತೆಗೆದರೆ ಮೈಮೇಲೆ ಬೀಳುವ ನಂಬರು ಚೀಟಿಗಳು. ಬಾಗಿಲ ಹಿಂದೆ ಉದ್ದನೆಯ ಕೋಲಿಗೆ ಕಟ್ಟಿದ ಕಿತ್ತಳೆ ಬಾವುಟ. ಅಂಗಿ ಹುಡುಕಲು ಹೋದವನಿಗೆ ಅಂಗಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತಿತ್ತು.

ಅವಳು ದುಡ್ಡು ಎತ್ತುತ್ತಿದ್ದದ್ದು ಒಂದು ವರ್ಷ ಶಾಲೆಯ ಚಾವಣಿಗೆ, ಇನ್ನೊಂದು ವರ್ಷ ಆಸ್ಪತ್ರೆಯ ಹಾಸಿಗೆಗಳಿಗೆ. ಈ ವರ್ಷ, ಮೆಟ್ಟಿಲು ಹತ್ತಲಾರದ ಮುದುಕರಿಗಾಗಿ ಲೈಬ್ರರಿಯ ಲಿಫ್ಟು. ಉಪಾಯ ಮಾತ್ರ ಅದೇ: ಊರಿನವರು ನಡೆಯಬೇಕು, ನಡೆದ ದೂರಕ್ಕೆ ತಕ್ಕಂತೆ ಅವರ ನೆಂಟರು, ಸ್ನೇಹಿತರು ದುಡ್ಡು ಕೊಡಬೇಕು. ಒಮ್ಮೆ ಟೈಲ್ಸ್ ವ್ಯಾಪಾರಿ ಮನೆಗೇ ಬಂದು ದೊಡ್ಡ ಚೆಕ್ಕೊಂದನ್ನು ಮೇಜಿನ ಮೇಲಿಟ್ಟ. ಅವಳು ಅದನ್ನು ಅವನ ಜೇಬಿಗೇ ವಾಪಸ್ಸು ತುರುಕಿ, "ಭಾನುವಾರ ಬೂಟು ಹಾಕ್ಕೊಂಡು ಬನ್ನಿ, ಆಮೇಲೆ ಕೊಡಿ," ಎಂದಳು.

"ನಿನಗೇನು ತಲೆ ನೆಟ್ಟಗಿದೆಯೇನೇ?" ಎಂದು ಡ್ರೈವರಣ್ಣ ರೇಗಿದ್ದ. "ಮನೆ ಬಾಗಿಲಿಗೆ ಬಂದದ್ದನ್ನ ಒದ್ದು ಕಳಿಸ್ತಾರಾ?"

"ಸುಮ್ನೆ ಕೊಟ್ಟು ಹೋದೋರು ಶಾಲೆ ಕಡೆ ತಿರುಗಿ ನೋಡಲ್ಲರೀ. ನಡೆದು ಕಾಲು ನೋಯಿಸಿಕೊಂಡೋರು ಆ ಚಾವಣಿ ಸೋರ್ತಾ ಇದೆಯಾ ಅಂತ ಬಂದು ಕೇಳ್ತಾರೆ."

ವ್ಯಾಪಾರಿ ಬಂದ, ನಡೆದ, ಹಿಮ್ಮಡಿ ಕಿತ್ತುಕೊಂಡು ಕುಂಟಿದ. ಆಮೇಲೆ ಪ್ರತಿ ವರ್ಷ ತಪ್ಪದೆ ಬಂದ.

ಇದನ್ನೆಲ್ಲ ಡ್ರೈವರಣ್ಣ ಹೇಗೋ ಸಹಿಸಿಕೊಳ್ಳುತ್ತಿದ್ದ. ಸಹಿಸಲಾಗದ್ದು ಒಂದೇ. ನಡಿಗೆ ಮುಗಿದು ಊರೆಲ್ಲ ಮನೆ ಸೇರಿದರೂ ಇವಳ ಪತ್ತೆ ಇರುತ್ತಿರಲಿಲ್ಲ. ಕಟ್ಟಕಡೆಯಲ್ಲಿ ಬರುವವರು ಯಾರೇ ಇರಲಿ, ಬಾವುಟ ಹಿಡಿದು ಅವರ ಹಿಂದೆ ನಡೆಯುವುದು ಅವಳ ಪಟ್ಟು. ಒಂದು ವರ್ಷ ಪಾರ್ಶ್ವವಾಯು ಹೊಡೆದಿದ್ದ ಹೆಡ್‌ಮಾಸ್ಟರು, ಇನ್ನೊಂದು ವರ್ಷ ತುಂಬು ಬಸುರಿ. ಕೊನೆಯವರು ಒಂಟಿಯಾಗಬಾರದಂತೆ. ಹಾಗಾದರೆ ಮನೆಯಲ್ಲಿ ಕೂತವನು ಒಂಟಿಯಾಗಬಹುದೋ? ಅವನು ಅಡುಗೆಯನ್ನು ಎರಡೆರಡು ಸಲ ಬಿಸಿ ಮಾಡುತ್ತ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದ. ಅವಳು ಊದಿದ ಕಾಲು ಎಳೆದುಕೊಂಡು ಬಂದಾಗ ಬೈಗುಳ ಬಡಿಸಿ ಆಮೇಲೆ ಊಟ ಬಡಿಸುತ್ತಿದ್ದ.

"ಮುಂದಿನ ಸಲನಾದ್ರೂ ಬನ್ರೀ," ಎನ್ನುತ್ತಿದ್ದಳು, ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು.

"ನಾನು ಕೂತು ಸಂಬಳ ತಗೊಂಡವನು. ನಡೆಯೋದು ನನ್ನ ಜಾಯಮಾನ ಅಲ್ಲ."

"ನಿಮ್ಮ ಮಂಡಿಗೆ ನೀವೇ ಕೊನೆಯವರಾಗ್ತೀರಿ. ಇಡೀ ದಾರಿ ಇಬ್ರೂ ಮಾತಾಡ್ಕೊಂಡು ಬರಬಹುದು."

"ಹೋಗೇ, ಹೋಗೇ," ಎನ್ನುತ್ತಿದ್ದ ಅವನು.

*

"ಡ್ರೈವರಣ್ಣ," ಎನ್ನುತ್ತ ಔಷಧಿ ಅಂಗಡಿಯವನು ವ್ಯಾನಿನ ಹತ್ತಿರ ಬಂದ. "ನಡಿಗೆ ನಿಲ್ಲಿಸಿಬಿಡೋಣ ಅಂತಲೇ ಇದ್ವಿ. ಅಷ್ಟರಲ್ಲಿ ನೀವು ಇದೇ ಭಾನುವಾರ ಮಣ್ಣು ಅಂತ ಹೇಳಿ ಕಳಿಸಿದ್ರಿ. ನಡಿಗೆ ದಿನವೇ ಅಮ್ಮಾವ್ರನ್ನ ನಮ್ಮ ಜೊತೆ ಕಳಿಸೋದು ಅಂದ್ರೆ, ಎಂಥಾ ದೊಡ್ಡ ಮನಸ್ಸು ನಿಮ್ಮದು! ಎಲ್ಲರೂ ಅತ್ತುಬಿಟ್ವಿ."

ಡ್ರೈವರಣ್ಣ ಬಾಯಿ ಬಿಟ್ಟ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ದಿನದ ಸುತ್ತ ಅವಳು ಎಳೆದಿದ್ದ ಕೆಂಪು ಗೆರೆ ಈಗ ಕಣ್ಣಿಗೆ ಕಟ್ಟಿತು. ತಿಂಗಳುಗಟ್ಟಲೆ ಅದರ ಕೆಳಗೇ ಕೂತು ಕಾಫಿ ಕುಡಿದಿದ್ದ. ಅವಳು ನಡಿಗೆಯ ವಿಷಯ ತೆಗೆದರೆ ಕಿವಿ ಮುಚ್ಚಿಕೊಳ್ಳುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಸ್ಮಶಾನದವರು ಯಾವತ್ತು ಎಂದು ಕೇಳಿದಾಗ ಬಾಯಿಗೆ ಬಂದ ವಾರ ಹೇಳಿ ಫೋನಿಟ್ಟಿದ್ದ.

"ದೊಡ್ಡ ಮನಸ್ಸೂ ಇಲ್ಲ, ಚಿಕ್ಕ ಮನಸ್ಸೂ ಇಲ್ಲ. ಮರೆತೆ ಕಣಯ್ಯಾ! ನನಗೆ ಇದರ ನೆನಪೇ ಇರಲಿಲ್ಲ!"

"ಹಾಗೇ ಅನ್ನಿ," ಎಂದು ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡ. "ದೊಡ್ಡೋರು ಹೇಳಿಕೊಳ್ಳಲ್ಲ."

ಮಗಳು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಆ ನಗು ಅರ್ಧಕ್ಕೇ ಅಳುವಾಯಿತು. ಅವಳ ಬೆನ್ನು ಸವರುತ್ತ ಡ್ರೈವರಣ್ಣ ಪೊಲೀಸಿನವನ ಕಡೆ ತಿರುಗಿದ. "ಈಗ ಏನು ಮಾಡೋಣ ಅಂತೀಯಾ?"

"ಗಾಡಿ ಬಿಡೋ ಹಾಗಿಲ್ಲ ಸಾರ್. ನಡೆಯೋರನ್ನ ಬೇಡ ಅನ್ನೋಕೆ ನಾನ್ಯಾರು?"

ಆರು ಜನ ಮುಂದೆ ಬಂದು ವ್ಯಾನಿನಿಂದ ಶವಪೆಟ್ಟಿಗೆಯನ್ನು ಇಳಿಸಿ ಹೆಗಲಿಗೇರಿಸಿದರು. ಅವರಲ್ಲಿ ಟೈಲ್ಸ್ ವ್ಯಾಪಾರಿಯೂ ಒಬ್ಬ. ಯಾರೋ ಕಿತ್ತಳೆ ಬಾವುಟವನ್ನು ಪೆಟ್ಟಿಗೆಯ ಮೂಲೆಗೆ ನೆಟ್ಟಗೆ ಕಟ್ಟಿದರು.

"ಮೈಕು ಊದಬೇಡಿ, ಚಪ್ಪಾಳೆ ಹೊಡೀಬೇಡಿ," ಎಂದು ಡ್ರೈವರಣ್ಣ ಬೆರಳೆತ್ತಿ ಗದರಿದ. "ಇದು ನಿಮ್ಮ ಕಾರ್ಯಕ್ರಮ ಅಲ್ಲ. ಅವಳು ನನ್ನ ಹೆಂಡ್ತಿ."

ಔಷಧಿ ಅಂಗಡಿಯವನು ಧ್ವನಿವರ್ಧಕವನ್ನು ಪೊಲೀಸಿನವನ ಕೈಗಿತ್ತು ಬಂದ.

ಹೊರಟರು. ಮೊದಲ ತಿರುವಿನವರೆಗೂ ಡ್ರೈವರಣ್ಣ ಪೆಟ್ಟಿಗೆಯ ಹಿಂದೆಯೇ ಇದ್ದ. ಅಂಚೆ ಕಚೇರಿ ದಾಟುವಷ್ಟರಲ್ಲಿ ಬಲಮಂಡಿ ತನ್ನ ಹಳೇ ಚಾಳಿ ತೋರಿಸಿತು. ಮೇಜು ಹಾಕಿ ನೀರು ಕೊಡುತ್ತಿದ್ದ ಹೆಂಗಸು ಲೋಟ ಚಾಚಿದಳು. ಬೇಡವೆಂದು ಕೈಯಾಡಿಸಿ ಮುಂದೆ ಹೋದವನು ನಾಲ್ಕು ಹೆಜ್ಜೆ ವಾಪಸ್ಸು ಬಂದು ಗಟಗಟ ಕುಡಿದ. ನಂಬರಿನವರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಅವನನ್ನು ದಾಟಿದರು.

"ನನ್ನ ತೋಳು ಹಿಡ್ಕೋ ಅಪ್ಪಾ."

"ಬೇಡ. ನೀನು ಅಮ್ಮನ ಜೊತೆ ಹೋಗು. ಮನೆಯವರು ಒಬ್ಬರಾದ್ರೂ ಅವಳ ಪಕ್ಕ ಇರಲಿ."

ಮಗಳು ಹೋದಳು. ಅವನ ಹಿಂದೆ ಈಗ ಯಾರೂ ಇರಲಿಲ್ಲ. ಮುಂದೆ, ಜನರ ತಲೆಗಳ ಮೇಲೆ, ಕಿತ್ತಳೆ ಬಾವುಟ ಚಿಕ್ಕದಾಗುತ್ತಾ ಸೇತುವೆಯ ತಿರುವಿನಲ್ಲಿ ಕಾಣದಾಯಿತು. ಡ್ರೈವರಣ್ಣನಿಗೆ ಸಿಟ್ಟು ಉಕ್ಕಿತು, ಅದರ ಹಿಂದೆಯೇ ಅಳು. ಇವತ್ತೂ ಹಾಗೇ ಆಯಿತಲ್ಲ. ಇವತ್ತೂ ಊರಿನವರ ಜೊತೆ ಹೊರಟೇಹೋದಳು, ಇವತ್ತೂ ಹಿಂದೆ ಉಳಿದದ್ದು ತಾನೇ. ಲೈಟು ಕಂಬ ಹಿಡಿದು ನಿಂತು ತೋಳಿನಿಂದ ಮುಖ ಒರೆಸಿಕೊಂಡ. ಬೇರೆ ದಾರಿಯಿರಲಿಲ್ಲ, ಕಾಲೆಳೆದ.

ತಿರುವು ದಾಟಿದರೆ, ಪೆಟ್ಟಿಗೆ ಸೇತುವೆಯ ಬಾಯಲ್ಲೇ ನಿಂತಿತ್ತು. ಮಿಕ್ಕವರೆಲ್ಲ ಆಗಲೇ ಸೇತುವೆಯ ಮೇಲಿದ್ದರು. ಹೊತ್ತ ಆರು ಜನ ಮಾತ್ರ ಬೆವರಿಳಿಸುತ್ತ ಅಲುಗಾಡದೆ ನಿಂತಿದ್ದರು. ಮಗಳೂ ಅವರ ಪಕ್ಕದಲ್ಲಿದ್ದಳು.

"ಯಾಕ್ರಯ್ಯಾ ನಿಂತ್ರಿ? ಹೆಗಲು ಬಿದ್ದುಹೋಗಲ್ವಾ?"

"ನೀವು ಮುಂದೆ ನಡೀರಿ ಅಣ್ಣಾ," ಎಂದ ಟೈಲ್ಸ್ ವ್ಯಾಪಾರಿ, ಏದುಸಿರು ಬಿಡುತ್ತ. "ಇವತ್ತು ಕೊನೆಯವರು ನೀವೇ. ಅಮ್ಮಾವ್ರು ನಿಮ್ಮ ಹಿಂದೆ ಬರಬೇಕು."

ಡ್ರೈವರಣ್ಣ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ, ಅದನ್ನು ದಾಟಿ ಸೇತುವೆಗೆ ಕಾಲಿಟ್ಟ. ಹಿಂದೆ ಆರು ಜೋಡಿ ಹೆಜ್ಜೆಗಳು ಅವನ ಕುಂಟು ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಎದ್ದವು.

"ಆಯ್ತಾ?" ಎಂದು ಅವನು ತಿರುಗದೆಯೇ ಗೊಣಗಿದ. "ಬಂದೆನಲ್ಲ. ಈಗ ಸಮಾಧಾನ ಆಯ್ತಾ ನಿನಗೆ?"

ಬೆಳಗಿನ ಬಿಸಿಲು ಬೆನ್ನಿಗಿತ್ತು. ಬಾವುಟದ ನೆರಳು ಉದ್ದಕ್ಕೆ ಚಾಚಿಕೊಂಡು ಅವನ ನೆರಳಿನ ಪಕ್ಕದಲ್ಲೇ ಬರುತ್ತಿತ್ತು. ಸೇತುವೆಯ ನಡುವೆ ಅವನು ಮಂಡಿ ನೀವಿಕೊಳ್ಳಲು ನಿಂತ, ಅದೂ ನಿಂತಿತು.