ತಮ್ಮನ ಮಾತು ಕೇಳದ ವಿಮಾನ

ಆ ಭಾನುವಾರ ವಿಮಾನ ಇಳಿದ ಚಂದಕ್ಕೆ ಮೈದಾನದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಲ್ಲನ್ನು ಸವರಿಕೊಂಡು ಬಂದು, ಒಂದಿಷ್ಟೂ ಕುಪ್ಪಳಿಸದೆ, ಸೌಮ್ಯವಾಗಿ ನಿಂತಿತ್ತು. ಕ್ಲಚ್ಚಕ್ಕನ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಚಳಿಗಾಲವಿಡೀ ಊಟದ ಮೇಜಿನ ಮೇಲೆ ತೆಳುಮರದ ಪಟ್ಟಿಗಳನ್ನು ಅಂಟಿಸಿ ಅಂಟಿಸಿ ಮಾಡಿದ ವಿಮಾನ ಅದು. ಅಷ್ಟು ದಿನವೂ ಅವಳ ಗಂಡ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡಿದ್ದ, ಪಾಪ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ "ಕ್ಲಚ್ಚು, ಕ್ಲಚ್ಚು ಒತ್ತಿ!" ಎಂದು ಕೂಗುವವಳಿಗೆ ಆ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಸ್ವಂತ ತಮ್ಮನೂ ಎದುರಿಗೆ ಅಕ್ಕ ಅಂದು ಹಿಂದಿನಿಂದ ಕ್ಲಚ್ಚಕ್ಕ ಅನ್ನುತ್ತಿದ್ದ. ಈ ತಮ್ಮ ಸಾಮಾನ್ಯನಲ್ಲ. ಆಟದ ವಿಮಾನಗಳ ಅಂಗಡಿಯ ಮಾಲೀಕ, ವಿಮಾನ ಹಾರಿಸುವವರ ಸಂಘದ ಅಧ್ಯಕ್ಷ, ಮೈದಾನದ ಗೇಟಿನ ಬೀಗದ ಕೈ ಇರುವುದೂ ಅವನ ಜೇಬಿನಲ್ಲೇ.

ಕಲಿಯುವವರಿಗೆ ಅವನು ಪಾಠ ಹೇಳುತ್ತಿದ್ದದ್ದು ಹೀಗೆ. ತಮ್ಮನ ಕೊರಳಲ್ಲಿ ಒಂದು ಟ್ರಾನ್ಸ್‌ಮಿಟರ್, ಅಂದರೆ ಎರಡು ಕಡ್ಡಿಗಳಿರುವ ರಿಮೋಟು. ಅಕ್ಕನ ಕೊರಳಲ್ಲಿ ಅಂಥದ್ದೇ ಇನ್ನೊಂದು. ಎರಡರ ನಡುವೆ ಒಂದು ಕರಿ ಕೇಬಲ್ಲು. ವಿಮಾನದ ಹೊಟ್ಟೆಯಲ್ಲಿ ಬೆಂಕಿಪೆಟ್ಟಿಗೆಯಂತೆ ಕೂತಿರುವ ರಿಸೀವರ್ ಕೇಳುವುದು ತಮ್ಮನ ಮಾತನ್ನು ಮಾತ್ರ. ಅವನು ಮೇಲುಗಡೆಯ ಸ್ಪ್ರಿಂಗ್ ಸ್ವಿಚ್ಚನ್ನು ಬೆರಳಿನಿಂದ ಎಳೆದು ಹಿಡಿದಿರುವಷ್ಟು ಹೊತ್ತು ಅಕ್ಕನ ಕೈಯಾಟ ಕೇಬಲ್ಲಿನ ಮೂಲಕ ವಿಮಾನಕ್ಕೆ ಹೋಗುತ್ತದೆ. ಬೆರಳು ಬಿಟ್ಟನೋ, ಸ್ವಿಚ್ಚು 'ಟಕ್' ಎಂದು ಹಿಂದಕ್ಕೆ ಹಾರುತ್ತದೆ, ವಿಮಾನ ತಿರುಗಿ ಅವನದು.

ಆ 'ಟಕ್' ಎಂಬ ಸದ್ದನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ರೆಕ್ಕೆ ಸ್ವಲ್ಪ ವಾಲಿದರೆ ಟಕ್. ತಿರುವು ಕೊಂಚ ದೊಡ್ಡದಾದರೆ ಟಕ್. ಒಂದು ಸುತ್ತನ್ನಾದರೂ ಅವಳು ನೆಟ್ಟಗೆ ಪೂರೈಸಿದ್ದಿಲ್ಲ. ಈ ಭಾನುವಾರ ಮಾತ್ರ ಏರಿದಾಗಿನಿಂದ ಇಳಿಯುವವರೆಗೆ ಒಮ್ಮೆಯೂ ಟಕ್ ಎನ್ನಲಿಲ್ಲ! ಅದಕ್ಕೇ ಕಣ್ಣೀರು.

ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಮೊಣಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಕೇಬಲ್ಲಿನ ತುದಿ. ಅವಳ ರಿಮೋಟಿಗೆ ಸಿಕ್ಕಿಸಿಯೇ ಇರಲಿಲ್ಲ, ಸುಮ್ಮನೆ ನೇತಾಡುತ್ತಿತ್ತು.

"ಇದೇನೋ ಇದು?"

ತಮ್ಮ ಅತ್ತ ಇತ್ತ ನೋಡಿದ. "ಗಾಳಿ ಜಾಸ್ತಿ ಇತ್ತಕ್ಕ. ಇವತ್ತು ನಿನ್ನ ಕೈಗೆ ಕೊಡಲೇ ಇಲ್ಲ."

"ಮತ್ತೆ ನಾನು ಇಷ್ಟೊತ್ತು ಮಾಡಿದ್ದೇನು?"

"ಕಡ್ಡಿ ಅಲ್ಲಾಡಿಸ್ತಿದ್ದೆ. ಎಷ್ಟು ಖುಷಿಯಾಗಿದ್ದೆ ಅಂದ್ರೆ ಹೇಳೋಕೆ ಮನಸ್ಸೇ ಬರಲಿಲ್ಲ."

ಅವಳಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು, ನಕ್ಕಿದ್ದರೂ ಸಹಿಸಿಕೊಳ್ಳುತ್ತಿದ್ದಳು. ಮಗುವಿನ ಕೈಗೆ ಆಟದ ಸ್ಟಿಯರಿಂಗ್ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರಲ್ಲ, ಹಾಗೆ ಮಾಡಿದ್ದ. ವಿಮಾನವನ್ನೆತ್ತಿ ಕಂಕುಳಲ್ಲಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟಳು.

ಅವಳ ಕೋಪಕ್ಕೆ ಇನ್ನೂ ಒಂದು ಕಾರಣವಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಸದಾ ಅದರ ಮೇಲೆ ಕಾಲಿಟ್ಟುಕೊಂಡೇ ಕೂರುತ್ತಿದ್ದಳು. ಅವಳ ಕೈಯಲ್ಲಿ ಕಲಿತ ಬೇಕರಿಯ ಹೆಂಗಸೊಬ್ಬಳು ಪರೀಕ್ಷೆಯ ದಿನ ಗೋಡೆ ಎದುರಿಗೆ ಬರುತ್ತಿದ್ದರೂ ಬ್ರೇಕ್ ಒತ್ತದೆ, ಪಕ್ಕದವರೇ ಒತ್ತುತ್ತಾರೆಂದು ಪಕ್ಕದ ಸೀಟಿನ ಕಡೆಗೇ ನೋಡುತ್ತಿದ್ದಳಂತೆ. ಗೋಡೆಗೆ ಏನೂ ಆಗಲಿಲ್ಲ, ಬಂಪರ್ ಹೋಯಿತು. ಅಂದಿನಿಂದ ಕ್ಲಚ್ಚಕ್ಕ ಎರಡೂ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂರುತ್ತಾಳೆ. ಬೆವರುತ್ತಾಳೆ, ಕೂಗುತ್ತಾಳೆ, ಆದರೆ ತೀರಾ ಪ್ರಾಣಕ್ಕೆ ಬಂದ ಹೊರತು ಕಾಲು ಚಾಚುವುದಿಲ್ಲ.

ಸೋಮವಾರ ಸಂಜೆ ಸೀದಾ ತಮ್ಮನ ಅಂಗಡಿಗೆ ನುಗ್ಗಿದಳು. ಚಾವಣಿಯಿಂದ ವಿಮಾನಗಳು ತೂಗುತ್ತಿದ್ದವು, ಗಾಜಿನ ಕಪಾಟಿನ ತುಂಬ ಒಂದೇ ಕಂಪನಿಯ ನೀಲಿ ಡಬ್ಬಿಗಳು.

"ನಂಗೊಂದು ಸ್ವಂತ ಟ್ರಾನ್ಸ್‌ಮಿಟರ್ ಬೇಕು. ಅದಕ್ಕೆ ಹೊಂದೋ ರಿಸೀವರೂ ಬೇಕು."

ಅವನ ಮುಖ ಅರಳಿತು. ನೀಲಿ ಡಬ್ಬಿಯೊಂದನ್ನು ಇಳಿಸಿದ. "ನಿನ್ನೆ ವಿಷಯ ಮರೆತುಬಿಡು. ಇದನ್ನೇ ತಗೋ. ನಂದೂ ಇದೇ ಕಂಪನಿ, ಕೇಬಲ್ ಸಲೀಸಾಗಿ ಕೂರುತ್ತೆ. ನೀನು ಎಡವಟ್ಟು ಮಾಡಿದ್ರೆ ವಿಮಾನ ನನ್ನ ಕೈಗೆ ತಗೋಬಹುದು."

"ಯಾವುದಕ್ಕೆ ನಿನ್ನ ಕೇಬಲ್ ಕೂರಲ್ಲ?"

"ಅಂದ್ರೆ?"

"ಅಂದ್ರೆ, ನೀನು ಏನೇ ಮಾಡಿದ್ರೂ ನಿನ್ನ ರಿಮೋಟಿಗೆ ಜಗ್ಗದೇ ಇರೋದು ಯಾವುದು? ಅದನ್ನ ಕೊಡು."

ತಮ್ಮನ ನಗು ಅರ್ಧದಲ್ಲೇ ನಿಂತಿತು. "ತಲೆ ಕೆಟ್ಟಿದ್ಯಾ ನಿಂಗೆ? ಎಲ್ಲರೂ ಹೊಂದೋದನ್ನ ಹುಡುಕ್ತಾರೆ, ನೀನು ಹೊಂದದೇ ಇರೋದನ್ನ ಕೇಳ್ತಿದ್ದೀಯಲ್ಲ!"

"ನನ್ನ ಟ್ರಾನ್ಸ್‌ಮಿಟರ್ ನನ್ನ ರಿಸೀವರಿಗೆ ಹೊಂದಿದ್ರೆ ಸಾಕು. ನಿನಗೆ ಯಾಕೆ ಹೊಂದಬೇಕು?"

"ಅಂಥದ್ದು ನಾನು ಇಡಲ್ಲ. ಕೇಳಿಲ್ಲಿ ಅಕ್ಕ, ಚಳಿಗಾಲ ಪೂರ್ತಿ ಕೂತು ಮಾಡಿರೋ ವಿಮಾನ. ಅದು ಬಿದ್ದು ಚೂರಾಗೋದನ್ನ, ನೀನು ಅಳೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಕೇಬಲ್ ಇಲ್ಲದೆ ಹಾರಿಸ್ತೀನಿ ಅಂದ್ರೆ ಮೈದಾನಕ್ಕೆ ಬರಲೇಬೇಡ."

"ಬರ್ತೀನಿ. ನೋಡ್ತಾ ಇರು," ಎಂದು ಬಾಗಿಲು ದಬ್ಬಿಕೊಂಡು ಹೊರಟಳು. ಬಾಗಿಲು ಎಳೆದು ತೆಗೆಯುವಂಥದ್ದಾಗಿತ್ತು, ಹಾಗಾಗಿ ಎರಡು ಸಲ ದಬ್ಬಿ, ಕೊನೆಗೆ ಎಳೆದುಕೊಂಡೇ ಹೋಗಬೇಕಾಯಿತು. ಕೋಪದ ಗತ್ತಿಗೆ ಅದರಿಂದ ಸ್ವಲ್ಪ ಧಕ್ಕೆ ಬಂತು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕೈಗಡಿಯಾರ ರಿಪೇರಿಯವನ ಮಹಡಿಯ ಮೇಲೆ ಇನ್ನೊಂದು ಅಂಗಡಿಯಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡ ಅಂಗಡಿಯವನು ಬೇರೊಂದು ಕಂಪನಿಯ ಟ್ರಾನ್ಸ್‌ಮಿಟರನ್ನೂ ಅದೇ ಹೆಸರು ಅಚ್ಚಾಗಿದ್ದ ರಿಸೀವರನ್ನೂ ಕಟ್ಟಿಕೊಟ್ಟ. "ಒಂದೇ ಕಂಪನಿ ಮೇಡಂ. ಕಣ್ಣು ಮುಚ್ಕೊಂಡು ತಗೊಂಡ್ಹೋಗಿ," ಅಂದ. ಅವಳು ಕಣ್ಣು ಮುಚ್ಚಿಕೊಂಡೇ ತಂದಳು.

ಮನೆಯಲ್ಲಿ ರಿಸೀವರಿನ ಕೆಂಪು ದೀಪ ಮಿಟುಕಿದ್ದೇ ಮಿಟುಕಿದ್ದು. ಒಂದನ್ನೊಂದು ಗುರುತು ಹಿಡಿದರೆ ಆ ದೀಪ ಸ್ಥಿರವಾಗಿ ಉರಿಯಬೇಕು. ಎರಡನ್ನೂ ಜೋಡಿಸುವ ಬೈಂಡ್ ಗುಂಡಿ ಒತ್ತಿದಳು, ಬಿಟ್ಟಳು, ಹತ್ತಿರ ಹಿಡಿದಳು, ದೂರ ಇಟ್ಟಳು. ಜಪ್ಪಯ್ಯ ಎಂದರೂ ಜೋಡಿಯಾಗಲಿಲ್ಲ.

"ತಮ್ಮನಿಗೆ ಒಂದು ಫೋನ್ ಮಾಡಬಾರದಾ? ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ತಾನೆ," ಎಂದ ಗಂಡ, ತೊಡೆಯ ಮೇಲಿನ ತಟ್ಟೆಯಿಂದ ತಲೆಯೆತ್ತದೆ.

"ರೀ, ಅವನ ಹೆಸರೆತ್ತಿದ್ರೆ ಇನ್ನೊಂದು ಚಳಿಗಾಲ ನಿಮಗೆ ಮೇಜು ಸಿಗಲ್ಲ."

ಗಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದ. ಅವಳು ಕೊನೆಗೆ, ಎಲ್ಲರೂ ಕೊನೆಗೆ ಮಾಡುವ ಕೆಲಸ ಮಾಡಿದಳು. ಡಬ್ಬಿಯೊಳಗಿನ ಸಣ್ಣಕ್ಷರದ ಹಾಳೆಗಳನ್ನು ಓದಿದಳು. ಕಂಪನಿ ಒಂದೇ ನಿಜ, ಆದರೆ ಟ್ರಾನ್ಸ್‌ಮಿಟರ್ ಹೊಸ ಪದ್ಧತಿಯದು, ರಿಸೀವರ್ ಹಳೆಯದು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗಾಡಿಯನ್ನು ಓಡಿಸಿ ನೋಡದೆ ಕೊಳ್ಳಬೇಡಿ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವವಳು ಹೀಗೆ ಬೇಸ್ತು ಬೀಳುವುದೇ?

ಮರುದಿನ ವಿಮಾನದ ಒಡಲನ್ನೇ ಹೊತ್ತುಕೊಂಡು ಮಹಡಿ ಹತ್ತಿದಳು. ಪ್ರೊಪೆಲ್ಲರ್ ಬಿಚ್ಚಿಟ್ಟು ಬಂದಿದ್ದಳು, ಅಷ್ಟು ವಿವೇಕವಿತ್ತು.

"ಹೊಸ ಪದ್ಧತಿದು ಕೊಡಿ. ಇಲ್ಲೇ, ನನ್ನ ಕಣ್ಣೆದುರಿಗೇ ಬೈಂಡ್ ಆಗ್ಬೇಕು."

"ಆಗುತ್ತೆ ಮೇಡಂ, ಮನೆಗೆ ಹೋಗಿ…"

"ಮನೆಗೆ ಹೋಗಲ್ಲ."

ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಹೊಸ ರಿಸೀವರ್ ಸಿಕ್ಕಿಸಿದ, ದೀಪ ಎರಡು ಸಲ ಮಿಟುಕಿ ಸ್ಥಿರವಾಯಿತು. ಬಲಗಡ್ಡಿ ಆಡಿಸಿದಳು, ಬಾಲದ ಪಟ್ಟಿ ಎದ್ದಿತು. ರೆಕ್ಕೆ, ಬಾಲ, ಚುಕ್ಕಾಣಿ, ಮೋಟಾರು ಎಂದು ನಾಲ್ಕು ಚಾನೆಲ್ಲುಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಮೋಟಾರನ್ನು ಓಡಲು ಬಿಟ್ಟು ಟ್ರಾನ್ಸ್‌ಮಿಟರನ್ನೇ ಆರಿಸಿದಳು. ಸಂಪರ್ಕ ತಪ್ಪಿದರೆ ಮೋಟಾರ್ ನಿಲ್ಲಬೇಕು. ನಿಂತಿತು. ಅಂಗಡಿಯವನು ಬೆವರೊರೆಸಿಕೊಂಡು, "ನೀವು ಈ ಕಡೆ ಮತ್ತೆ ಬರೋದಿದ್ರೆ ಮೊದಲೇ ಹೇಳಿ, ರಜಾ ಹಾಕ್ತೀನಿ," ಅಂದ. ಅವಳಿಗೆ ಹೊಟ್ಟೆತುಂಬ ನಗು ಬಂತು.

ಮುಂದಿನ ಭಾನುವಾರ ಮೈದಾನದ ಗೇಟಿನಲ್ಲೇ ತಮ್ಮ ಅಡ್ಡ ನಿಂತ. ಅವಳ ಕೊರಳಲ್ಲಿದ್ದ ಅಪರಿಚಿತ ಟ್ರಾನ್ಸ್‌ಮಿಟರನ್ನು ನೋಡಿ ಗಂಟುಮುಖ ಹಾಕಿಕೊಂಡ. ಸಂಘದವರು ತಂತಮ್ಮ ವಿಮಾನ ಬಿಟ್ಟು ತಮಾಷೆ ನೋಡಲು ಬಂದರು.

"ಹೇಳಿದ್ದೆ ತಾನೇ? ಹೊಸಬರು ಮೊದಲ ಸಲ ಒಬ್ಬರೇ ಹಾರಿಸೋ ಹಾಗಿಲ್ಲ. ಇದು ಸಂಘದ ನಿಯಮ."

"ನಿಯಮ ಅಲ್ಲೇ ಬೋರ್ಡಿನ ಮೇಲಿದೆ. ಜೋರಾಗಿ ಓದು."

ಅವನು ಓದಲಿಲ್ಲ. ಸಂಘದ ಖಜಾಂಚಿ ಓದಿದ: "ಮೊದಲ ಹಾರಾಟದಲ್ಲಿ ಶಿಕ್ಷಕರು ಪಕ್ಕದಲ್ಲಿ ನಿಂತಿರಬೇಕು."

"ಕೇಬಲ್ ಅಂತ ಎಲ್ಲಿದೆ? ನಿಂತ್ಕೋ ಬಾ ಪಕ್ಕದಲ್ಲಿ. ಏನು ಬೇಕೋ ಬಾಯಲ್ಲಿ ಹೇಳು. ಇಡೀ ದಿನ ಬಾಯಲ್ಲಿ ಹೇಳೇ ನಾನು ಗಾಡಿ ಕಲಿಸ್ತೀನಿ."

"ಬಿದ್ರೆ?"

"ಬಿದ್ರೆ ನಂದು ಬೀಳುತ್ತೆ!"

ಅದನ್ನವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಖಜಾಂಚಿ ಒಂದು ಹೆಜ್ಜೆ ಹಿಂದೆ ಸರಿದ. ತಮ್ಮ ಗೇಟು ಬಿಟ್ಟ. ಗಂಡ ವಿಮಾನವನ್ನು ಹಿಡಿದು ನಿಂತ, ದೂರದಿಂದಲೂ ಅದು ಮಾತು ಕೇಳುತ್ತದೆಯೇ ಎಂದು ನೋಡಲು ಅವಳು ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ ಮೈದಾನದ ತುದಿಯವರೆಗೆ ನಡೆದುಹೋಗಿ ಕಡ್ಡಿ ಆಡಿಸಿದಳು. ಅಲ್ಲಿಂದಲೂ ರೆಕ್ಕೆಯ ಪಟ್ಟಿಗಳು ಚಾಚೂ ತಪ್ಪದೆ ಮಾತು ಕೇಳಿದವು. ವಾಪಸು ಬಂದು ಶಕ್ತಿ ಏರಿಸಿದಳು. ತಮ್ಮ ಪಕ್ಕದಲ್ಲಿ ಬಂದು ನಿಂತ. ಅಭ್ಯಾಸಬಲದಿಂದ ತನ್ನ ಟ್ರಾನ್ಸ್‌ಮಿಟರನ್ನು ಕೊರಳಿಗೆ ಹಾಕಿಕೊಂಡೇ ಇದ್ದ, ಅದನ್ನು ಚಾಲೂ ಮಾಡಿರಲಿಲ್ಲ ಅಷ್ಟೆ.

ವಿಮಾನ ಹುಲ್ಲಿನ ಮೇಲೆ ಓಡಿತು, ಎದ್ದಿತು. ಮೊದಲ ತಿರುವು ಕೆಟ್ಟದಾಗಿತ್ತು, ಎರಡನೆಯದು ಅಷ್ಟು ಕೆಟ್ಟದಿರಲಿಲ್ಲ. ಈಗ ಕಡ್ಡಿ ಆಡಿಸಿದರೆ ಮೇಲೆ ಏನೋ ಆಗುತ್ತಿತ್ತು, ಸುಮ್ಮನಿದ್ದರೂ ಏನೋ ಆಗುತ್ತಿತ್ತು. ಎಲ್ಲಕ್ಕೂ ಅವಳೇ ಹೊಣೆ. ಅದು ಎಷ್ಟು ಭಯವೋ ಅಷ್ಟೇ ಸುಖವಾಗಿತ್ತು.

ಬೇಲಿಯ ಕಡೆ ತಿರುಗಿಸುವಾಗ ಗಾಳಿ ಅಡಿಯಿಂದ ಎತ್ತಿತು. ಎಡರೆಕ್ಕೆ ನೆಟ್ಟಗೆ ಆಕಾಶಕ್ಕೆ ನಿಂತಿತು, ಮೂಗು ನೆಲದ ಕಡೆ ಬಾಗಿತು.

ಟಕ್.

ಕಿವಿಯ ಪಕ್ಕದಲ್ಲೇ ಕೇಳಿಸಿತು. ಅವಳ ಕೈಗಳು ಹಳೆಯ ರೂಢಿಯಂತೆ ಕಡ್ಡಿ ಬಿಡಲು ಹೋದವು. ಬೇಕರಿಯ ಹೆಂಗಸಿನ ಹಾಗೆ ಪಕ್ಕಕ್ಕೆ ತಿರುಗಿ ನೋಡುವುದೊಂದು ಬಾಕಿ. ಆಗ ನೆನಪಾಯಿತು: ಇದು ಅವನ ಮಾತು ಕೇಳುವುದಿಲ್ಲ. ಅವಳೇ ಆರಿಸಿ, ಹಠ ಹಿಡಿದು, ಅವನ ಮಾತು ಕೇಳದ ಹಾಗೆ ಮಾಡಿದ್ದಾಳೆ. ಇನ್ನು ಯಾರೂ ಬರುವುದಿಲ್ಲ.

ಟಕ್. ಟಕ್. ಟಕ್.

"ಸುಮ್ನಿರೋ!" ಎಂದು ಗದರಿ, ಬಲಗಡ್ಡಿಯನ್ನು ಎಡಕ್ಕೊತ್ತಿ ರೆಕ್ಕೆಯನ್ನು ಸಮ ಮಾಡಿದಳು, ಆಮೇಲೆ ಮೆಲ್ಲಗೆ ತನ್ನ ಕಡೆ ಎಳೆದಳು. ವಿಮಾನ ಬೇಲಿಯ ತಂತಿಯ ಮೇಲಿಂದ ತೂರಿಕೊಂಡು ಮೇಲೆದ್ದಿತು. ಇನ್ನೊಂದು ಸುತ್ತು ಹಾಕಿ ಇಳಿಸಿದಳು. ಇಳಿಸಿದಳು ಎನ್ನುವುದು ದೊಡ್ಡ ಮಾತು. ಅದು ನೆಲಕ್ಕೆ ಬಡಿದು, ಕುಪ್ಪಳಿಸಿ, ಮತ್ತೆ ಬಡಿದು, ಮೂಗೂರಿ ನಿಂತಿತು. ಪ್ರೊಪೆಲ್ಲರ್ ಲಟ್ಟನೆ ಮುರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವಳು ಹೋಗಿ ವಿಮಾನವನ್ನೆತ್ತಿ ಮಣ್ಣು ಒರೆಸಿದಳು. ತಮ್ಮ ಹಿಂದೆಯೇ ಓಡಿ ಬಂದ.

"ಮುರೀತಲ್ಲಕ್ಕ."

"ಹೂಂ. ನಾನೇ ಮುರಿದೆ." ಮುಖದ ತುಂಬ ನಗು. "ಮೇಲೆ ಅದು ವಾಲಿದಾಗ ನಿನ್ನ ಬೆರಳು ಏನು ಮಾಡ್ತಿತ್ತು, ಗೊತ್ತಾ?"

ತಮ್ಮ ತನ್ನ ಬೆರಳನ್ನು ನೋಡಿಕೊಂಡ. ಅದು ಆಗಲೂ ಸ್ವಿಚ್ಚಿನ ಮೇಲೇ ಇತ್ತು. ಅವನ ಕಿವಿ ಕೆಂಪಾಯಿತು.

"ಇನ್ನೊಂದು ಪ್ರೊಪೆಲ್ಲರ್ ತಂದಿದ್ದೀನಿ, ಮತ್ತೆ ಹಾರಿಸ್ತೀನಿ," ಎಂದಳು. "ನೀನು ಪಕ್ಕದಲ್ಲೇ ನಿಂತ್ಕೋ, ಬೇಡ ಅನ್ನಲ್ಲ. ಅದನ್ನ ಮಾತ್ರ ಕೊರಳಿಂದ ತೆಗಿ."

ಅವನು ತೆಗೆದ. ಎಲ್ಲಿಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದು, ಕೊನೆಗೆ ಬಗ್ಗಿ ಹುಲ್ಲಿನ ಮೇಲಿಟ್ಟ.